ಮೊದಲ ಗುರುವಾರ, ಸಂಜೆ ಆರಕ್ಕೆ

ಮಾರ್ಚ್ 3. ರಾತ್ರಿ 2.40

ಟಿಂಗ್. ಎಚ್ಚರವಾಯಿತು. ಮಗುವಲ್ಲ, ಫೋನು. ನಾನೇ ಬರೆದ ಪ್ರೋಗ್ರಾಂ ನಮ್ಮ ಕೂಟದ ತಿಂಗಳ ಆಹ್ವಾನ ಕಳಿಸಿದೆ — “ಮೊದಲ ಗುರುವಾರ, ಸಂಜೆ ಆರಕ್ಕೆ, ಲೈಬ್ರರಿ ಮಹಡಿ. ಕಂಪ್ಯೂಟರೋ, ರೇಡಿಯೋವೋ, ಕೆಟ್ಟಿದ್ದೋ, ಕಟ್ಟಿದ್ದೋ, ಏನಿದ್ದರೂ ತನ್ನಿ.” ಹೆರಿಗೆಯಾದ ಮೇಲೆ ಒಬ್ಬೊಬ್ಬರಿಗೇ ಮೇಲ್ ಹಾಕಲು ಕೈಗೆ ಬಿಡುವಿಲ್ಲ, ಅದಕ್ಕೇ ಈ ಏರ್ಪಾಡು. ಬರೆದು ಮುಗಿಸಿದ್ದು ಈ ಹೊತ್ತಿನಲ್ಲಿ. ಹೋಗುವುದೂ ಈ ಹೊತ್ತಿಗೇ. ಈಗ ನಲವತ್ತೊಂದು ಫೋನುಗಳು ಟಿಂಗ್ ಎಂದಿರಬೇಕು. ಒಂದು ಕ್ಷಣ ಖುಷಿ.

ಇವರಿಗೆ ರಾತ್ರಿ ಪಾಳಿ. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರಿದೆ. ಮತ್ತೆ ನೋಡಿದೆ.

ಮಾರ್ಚ್ 5

ಮಗುವನ್ನು ಎದೆಗೆ ಕಟ್ಟಿಕೊಂಡು ಇಪ್ಪತ್ತು ಕುರ್ಚಿ ಹಾಕಿದೆ. ಪ್ರೊಜೆಕ್ಟರ್, ವೈರು, ಸ್ಕ್ರೂಡ್ರೈವರ್ ಎಲ್ಲ ರೆಡಿ. ಆರು. ಆರೂವರೆ. ಏಳು... ಒಂದು ನರಪಿಳ್ಳೆಯೂ ಇಲ್ಲ. ಫೆಬ್ರವರಿಯಲ್ಲೂ ಹೀಗೇ. ಆಗ ಚಳಿ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಲೈಬ್ರರಿಯವರು ಇಣುಕಿದರು. “ಇವತ್ತೂ ನೀವಿಬ್ರೇನಾ?”

“ಇಬ್ರಲ್ಲ ಸರ್, ಒಂದೂವರೆ.”

ನಕ್ಕರು. ನಾನೂ ನಕ್ಕೆ. ಕುರ್ಚಿ ಮಡಚುವಾಗ ಅಳು ಬಂತು.

ಏಪ್ರಿಲ್ 2

ಹನ್ನೆರಡೇ ಕುರ್ಚಿ ಹಾಕಿದ್ದೆ. ಸೊನ್ನೆ. ಲೈಬ್ರರಿಯವರು ಮತ್ತೆ ಬಂದರು.

“ಡ್ಯಾನ್ಸ್ ಕ್ಲಾಸಿನೋರು ರೂಮ್ ಕೇಳ್ತಿದಾರಮ್ಮ. ನಂಗೂ ಬೇಜಾರೇ. ಹತ್ತನೇ ತಾರೀಖು ಬೆಳಿಗ್ಗೆ ಒಂಬತ್ತರೊಳಗೆ ಬರೋರದ್ದು ಐದು ಹೆಸ್ರು ಕೊಡಿ, ಉಳಿಸ್ತೀನಿ. ಖಾಲಿ ಕುರ್ಚಿಗೆ ಎಷ್ಟು ದಿನ ಅಂತ ಲೈಟ್ ಹಾಕ್ಲಿ?”

ಇವರಿಗೆ ಹೇಳಿದೆ. “ಬಿಟ್ಬಿಡೇ, ನಿದ್ದೆಯಾದ್ರೂ ಮಾಡ್ತೀಯ,” ಅಂದರು. ಕಾಳಜಿಯಿಂದಲೇ. ‘ಹಾಲು ಕುಡೀತಾ, ಮಲಗ್ತಾ’ ಎನ್ನುವುದು ಬಿಟ್ಟು ಬೇರೇನನ್ನಾದರೂ ನನ್ನನ್ನು ಕೇಳುವ ಜಾಗ ಅದೊಂದೇ — ಹೇಗೆ ಹೇಳುವುದು?

ನನ್ನಿಂದ ಏನು ತಪ್ಪಾಯಿತು? ನಲವತ್ತೊಂದು ಜನಕ್ಕೂ ಒಟ್ಟಿಗೇ ಬೇಡವಾದೆನೇ?

ಏಪ್ರಿಲ್ 9. ಸಂಜೆ

ಔಷಧಿ ಅಂಗಡಿಯಲ್ಲಿ ರೇಡಿಯೋ ತಾತ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು, ನಮ್ಮ ಕೂಟಕ್ಕೆ ಮೊದಲ ದಿನದಿಂದ ಬಂದವರು. ತಲೆ ತಪ್ಪಿಸಿಕೊಂಡು ಹೊರಟೆ. ಅವರೇ ಕೂಗಿದರು.

“ಏನ್ ತಾಯೀ, ಪಾಪು ಬಂದ್ಮೇಲೆ ನಮ್ಮನ್ನೆಲ್ಲ ಮರ್ತೇಬಿಟ್ರಾ? ಜನವರಿಯಿಂದ ಒಂದು ಮೇಲೂ ಇಲ್ಲ. ನಿಲ್ಸಿಬಿಟ್ರು ಪಾಪ ಅಂದ್ಕೊಂಡ್ವಿ.”

“ತಿಂಗ್ಳು ತಿಂಗ್ಳೂ ಕಳಿಸ್ತಿದೀನಲ್ಲ ತಾತ!”

“ಯಾರಿಗೆ?”

ನಾಳೆಯ ಗಡುವು ಹೇಳಿದೆ. “ನನ್ ಹೆಸ್ರು ಮೊದ್ಲು ಬರ್ಕೊಳ್ಳಿ,” ಅಂದರು.

ಏಪ್ರಿಲ್ 10. ರಾತ್ರಿ 3.10

ಮಗು ಈಗಷ್ಟೇ ಮಲಗಿತು. ಪ್ರೋಗ್ರಾಂ ತೆರೆದೆ. ಮೂರನೇ ಸಾಲು: ಟೆಸ್ಟ್ ಮೋಡ್ — ಆನ್.

ಬರೆಯುವಾಗ ಜನರಿಗೆ ಕಿರಿಕಿರಿ ಬೇಡ ಎಂದು, ಮೇಲ್ ನನ್ನೊಬ್ಬಳ ವಿಳಾಸಕ್ಕೇ ಬರಲಿ ಎಂದು ಹಾಕಿದ್ದೆ. ತೆಗೆಯಲಿಲ್ಲ. ಆಗ ಮಗು ಅತ್ತಿರಬೇಕು, ಎದ್ದು ಹೋಗಿರಬೇಕು. ಮೂರು ತಿಂಗಳು ನನ್ನನ್ನು ನಾನೇ ಕರೆದಿದ್ದೇನೆ. ತಪ್ಪದೆ ಹೋಗಿದ್ದೇನೆ ಕೂಡ.

ಟೆಸ್ಟ್ ಮೋಡ್ ತೆಗೆದೆ. ಹೊಸದಾಗಿ ಬರೆದು ಕಳಿಸಿದೆ. ಈ ಸಲ ಟಿಂಗ್ ಇಲ್ಲ. ಇರಬಾರದು, ಅದೇ ಸರಿ. ಆದರೂ ಹೋಯಿತೋ ಇಲ್ಲವೋ... ಬರೆದಿದ್ದನ್ನು ಇಲ್ಲೂ ಇಳಿಸಿಕೊಳ್ಳುತ್ತೇನೆ. ಕೈ ಸುಮ್ಮನಿರುತ್ತಿಲ್ಲ.

“ನಾನು ನಿಮ್ಮನ್ನು ಮರೆತಿಲ್ಲ. ರೂಮು ಬೆಳಿಗ್ಗೆ ಒಂಬತ್ತಕ್ಕೆ ಕೈತಪ್ಪುತ್ತದೆ. ತಾತನ ಹೆಸರಿದೆ, ಇನ್ನು ನಾಲ್ಕು ಬೇಕು. ನಿಮ್ಮ ಯಾರ ನಂಬರೂ ನನ್ನಲ್ಲಿಲ್ಲ, ನನ್ನದು ಕೆಳಗಿದೆ. ಮೇಲ್ ಬೇಡ. ಟಿಂಗ್ ಅನ್ನುವುದನ್ನು ಇನ್ನು ನಂಬಲಾರೆ. ನಿಮ್ಮ ದನಿ ಕೇಳಬೇಕು. ಹೊತ್ತಲ್ಲದ ಹೊತ್ತು ಎಂದು ಹಿಂಜರಿಯಬೇಡಿ. ಮಗು ಎದ್ದೀತು ಎಂದೂ ಬೇಡ — ಏಳಲಿ. ನಾನಂತೂ ಎದ್ದೇ ಇದ್ದೇನೆ. ಬರುವುದಿಲ್ಲ ಎಂದು ಹೇಳುವುದಕ್ಕಾದರೂ ಸರಿ, ಬೆಳಗಾಗುವ ಮೊದಲು, ದಯವಿಟ್ಟು, ಯಾರಾದರೂ ಒಬ್ಬರು ಫೋನ್ —”

ಟಿಂಗ್ ಅಲ್ಲ, ರಿಂಗ್!