ಎಡಗಾಲಿನ ಬೂಟು

ಜೇವರ್ಗಿ ಕಾಲೋನಿ, ಕಲಬುರಗಿ
ಭಾನುವಾರ, ೯ ಫೆಬ್ರವರಿ ೨೦೨೫

ಜಾಹೇದಾ,

ನನ್ನ ಫೋನು ಎತ್ತದಿದ್ದರೂ, ಕಾಗದವನ್ನು ಹರಿಯುವ ಮೊದಲು ಒಮ್ಮೆ ಓದುವವಳು ನೀನು. ಆ ನಂಬಿಕೆಯಿಂದ ಬರೆಯುತ್ತಿದ್ದೇನೆ, ಕಮಲಾಪುರದ ಬಸ್ಸಿನ ಕಂಡಕ್ಟರನ ಕೈಲಿ ಇವತ್ತೇ ಕಳಿಸುತ್ತೇನೆ. ಕಾನ್ವೆಂಟಿನ ಬೆಂಚಿನಿಂದಲೂ ನಾವಿಬ್ಬರೂ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲೇ ಬರೆದವರು. ಇವತ್ತು ಅದು ಬೇಡ. ಬೂಟಿನ ಬಗ್ಗೆ ವಾಟ್ಸ್ಆ್ಯಪ್ಪಿನಲ್ಲಿ ಹಾಕಿದ ಆ ಪೋಸ್ಟನ್ನೂ ನಾನು ಇಂಗ್ಲಿಷಿನಲ್ಲೇ ಬರೆದಿದ್ದೆ. ಆ ಭಾಷೆಯಲ್ಲಿ ನನಗೆ ಚಂದದ ಮಾತು ಬಲು ಬೇಗ ಸಿಗುತ್ತದೆ.

ಸೇಡಂ ರಸ್ತೆಯ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ಎರಡೂ ತೋಳು ಹಿಡಿದು ಕೇಳಿದೆ. "ಆ ಹೊಡೆದ ಮಂದಿಗೆ ಭಾಯಿಜಾನ್ ಮನಿ ತೋರಿಸಿದವರು ಯಾರು? ಒಂದು ಹೆಸರು ಹೇಳು ಮೃದುಲಾ. ಒಂದ ಸಾಕು." ನಾನು ಗೊತ್ತಿಲ್ಲ ಎಂದೆ. ಆಗ ಅದು ನಿಜವಾಗಿತ್ತು. ಮೂರು ದಿನಗಳ ನಂತರ ನಿಜವಾಗಿ ಉಳಿಯಲಿಲ್ಲ. ಆಮೇಲಿನ ಎಂಟು ದಿನ ನಾನು ಸುಮ್ಮನಿದ್ದೆ. ಹೆಸರಿಲ್ಲದಿದ್ದರೆ ಪೊಲೀಸರು ಕೇಸು ಮುಚ್ಚುತ್ತಾರೆ ಎಂದು ನೀನು ಹೇಳಿದ್ದು ಕಿವಿಯಲ್ಲಿತ್ತು, ಆದರೂ ಸುಮ್ಮನಿದ್ದೆ.

ಮೊದಲಿನಿಂದ ಹೇಳುತ್ತೇನೆ. ಹೇಳುವುದನ್ನು ಮುಂದೂಡಲಿಕ್ಕೆ ಇದೂ ಒಂದು ದಾರಿ ಎಂದು ನೀನು ಅಂದುಕೊಳ್ಳಬಹುದು. ಇರಲೂಬಹುದು.

ನನ್ನ ಹಿಮ್ಮಡಿಯ ನೋವು ನಿನಗೆ ಗೊತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಮೊಳೆ ಹೊಕ್ಕ ಹಾಗೆ. ಡಾಕ್ಟರು ಒಳ್ಳೆಯ ಬೂಟು ಹಾಕಿಕೊಂಡು ದಿನಾ ನಡೆಯಿರಿ ಎಂದರು. ನಾನು ಕಾಲೇಜಿನಲ್ಲಿ ಪರಿಸರದ ಪಾಠ ಮಾಡುವವಳು. ಸುಮ್ಮನೆ ಅಂಗಡಿಗೆ ಹೋಗಿ ಒಂದು ಜೋಡಿ ತರಲು ಮನಸ್ಸಾಗಲಿಲ್ಲ. ಹೊಲಿದವರಿಗೆ ಕೂಲಿ ಎಷ್ಟು, ಅಂಟು ಎಂಥದ್ದು, ಬಣ್ಣದ ನೀರು ಯಾವ ಹಳ್ಳಕ್ಕೆ ಬಿಡುತ್ತೀರಿ ಎಂದು ಮೂರು ಕಂಪನಿಗಳಿಗೆ ಬರೆದೆ. ಒಂದರಿಂದ ಮಾತ್ರ ಉತ್ತರ ಬಂತು. ಅದರಲ್ಲಿ ಭೂಮಿತಾಯಿಯ ಬಗ್ಗೆ ನಾಲ್ಕು ಸಾಲಿತ್ತು, ನನ್ನ ಪ್ರಶ್ನೆಗಳ ಬಗ್ಗೆ ಒಂದೂ ಇರಲಿಲ್ಲ. ಆಗ ನೀನು ನಕ್ಕು, "ಎಲ್ಲೆಲ್ಲೋ ಹುಡುಕ್ತಿ. ಕಮಲಾಪುರಕ್ಕ ಬಾ, ನಮ್ಮ ಭಾಯಿಜಾನಗ ಕೇಳು" ಎಂದೆ.

ನಿನ್ನ ಅಣ್ಣ ಇಮಾಮುದ್ದೀನ್ ಭಾಯಿ ಬೂಟು ಹೊಲಿಯುತ್ತಲೇ ನನ್ನ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟರು. ತೊಗಲನ್ನು ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡುತ್ತಾರೆ, ಅಟ್ಟೆಗೆ ಹಳೆಯ ಟೈರಿನ ರಬ್ಬರು. ತೊಗಲು ಊರಲ್ಲಿ ಸತ್ತ ದನ ಎತ್ತುವ ದೇವಿಂದ್ರಪ್ಪ ತಂದುಕೊಡುವುದು, ತಾನಾಗಿ ಸತ್ತ ದನದ್ದು ಮಾತ್ರ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ, ಹಗ್ಗದ ಮೇಲಿದ್ದ ಒಂದು ತೊಗಲು ತೋರಿಸಿ, ಇದು ಯಾರ ಮನೆಯ ಆಕಳು, ಹೇಗೆ ಸತ್ತಿತು ಎಂದೂ ಕೇಳಿದೆ. ಅವರು ದಬ್ಬಳ ಕೆಳಗಿಟ್ಟರು. "ತಂಗಿ, ಸತ್ತ ಮನಶ್ಯಾನ ಬಗ್ಗೆನೂ ಪೊಲೀಸ್ರು ಇಷ್ಟು ಕೇಳಂಗಿಲ್ಲ ನೋಡು" ಎಂದರು. ನಾವೆಲ್ಲ ನಕ್ಕೆವು. ಗಾಡಿ ನಡೆಸಿಕೊಂಡು ಬಂದಿದ್ದ ನನ್ನ ಮಗ ಪವಮಾನನೂ ನಕ್ಕ.

ಅವತ್ತು ನಾನೂ ಪವಮಾನನೂ ಒಂದೊಂದು ಜೋಡಿಗೆ ಅಳತೆ ಕೊಟ್ಟೆವು. ಅವರು ಅಳತೆ ತೆಗೆಯುವ ರೀತಿ ನಿನಗೆ ಹೊಸದಲ್ಲ. ಕಾಗದದ ಮೇಲೆ ಪಾದ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಹೆಸರು ಬರೆಸಿ, ಒಳಗಿನ ಗೋಡೆಯ ತಂತಿಗೆ ಸಿಕ್ಕಿಸುತ್ತಾರೆ. ತೀರಿಹೋದವರ ಪಾದದ ಕಾಗದವನ್ನೂ ಹರಿಯುವುದಿಲ್ಲವಂತೆ. ಪವಮಾನ ಚಿಕ್ಕವನಿದ್ದಾಗ ಎಡಗಾಲಿನ ಕಿರುಬೆರಳ ಹತ್ತಿರ ಎಲುಬು ಮುರಿದು ಉಬ್ಬಿಕೊಂಡಿದೆ. ಅಂಗಡಿಯ ಯಾವ ಬೂಟೂ ಅವನಿಗೆ ಹಿತವಾಗಿದ್ದೇ ಇಲ್ಲ. ಭಾಯಿ ಆ ಉಬ್ಬನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಕಪ್ಪು ಬೂಟಿನ ಎಡಗಾಲಿಗೆ ಆ ಜಾಗದಲ್ಲಿ ಅರ್ಧಚಂದ್ರದ ಹಾಗೆ ಕಂದು ತೊಗಲಿನ ತುಂಡು ಕೂಡಿಸಿ ಹೊಲಿದರು.

ಬೂಟು ಹಾಕಿಕೊಂಡು ಕುಸನೂರಿನವರೆಗೆ ನಡೆದೆ. ನೋವಿರಲಿಲ್ಲ. ಆ ಖುಷಿಗೆ ನಮ್ಮ ಬೆಳಗಿನ ನಡಿಗೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದೆ: ಯಾವ ಜೀವವನ್ನೂ ಕೊಲ್ಲದೆ ಮಾಡಿದ ಬೂಟು, ಸತ್ತ ಆಕಳ ತೊಗಲು, ಕಮಲಾಪುರದ ಇಮಾಮುದ್ದೀನ್. ಜೊತೆಗೆ ಫೋಟೋ. ಅವರ ಮುಖ, ಹಿಂದೆ ಹಗ್ಗದ ಮೇಲೆ ಆ ತೊಗಲು. ಕಂಪನಿಗಳು ಮುಚ್ಚಿಡುವುದನ್ನು ನಾನು ತೆರೆದು ತೋರಿಸಿದ್ದೇನೆ ಎಂಬ ಹೆಮ್ಮೆ ನನಗೆ. ತೆರೆದು ತೋರಿಸಿದರೆ ಪೆಟ್ಟು ಬೀಳುವುದು ನನಗಲ್ಲ ಎಂಬುದು ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು. ನಾನು ಈ ಊರಿನವಳೇ.

ಜನವರಿ ೨೮ರ ಮಂಗಳವಾರ ಮಧ್ಯಾಹ್ನ ನಡೆದದ್ದನ್ನು ನಿನಗೆ ಮತ್ತೆ ಬರೆಯುವುದು ಕ್ರೂರ. ಆದರೆ ನಾನು ನೋಡಿದ್ದೇನೆ ಎಂದು ನಿನಗೆ ಗೊತ್ತಿರಲಿ. ಬುಧವಾರ ಬೆಳಿಗ್ಗೆ ನಿನ್ನ ಫೋನು ಬಂದಾಗ ನಾನು ಮಾಳಿಗೆಯ ಮೇಲೆ ಬೂಟುಗಳನ್ನು ಬಿಸಿಲಿಗಿಡುತ್ತಿದ್ದೆ. ಅಲ್ಲಿಂದ ನೇರ ಆಸ್ಪತ್ರೆಗೆ ಬಂದೆ. ಶನಿವಾರ ಆ ವಿಡಿಯೋ ನನ್ನ ಫೋನಿಗೇ ಬಂತು. ಆರು ಜನ, ಮುಖಕ್ಕೆ ಟವೆಲು. ಒಬ್ಬ ತೊಗಲಿಗೆ ಬೆಂಕಿ ಇಡುತ್ತಾನೆ. ಇನ್ನೊಬ್ಬ ಭಾಯಿಯ ತಲೆಗೂದಲು ಹಿಡಿದು ಅಂಗಳಕ್ಕೆ ಎಳೆಯುತ್ತಾನೆ, ಸಲಾಕೆ ಬೀಸಿದಾಗ ಬಾಯಿಂದ ರಕ್ತ, ಹಲ್ಲು. ಬಲಗೈಯನ್ನು ಭಾಯಿ ಬೂಟು ಬಡಿಯುವ ಕಬ್ಬಿಣದ ಪಾದದ ಮೇಲೆ ಇಡಿಸಿ ಭಾಯಿಯದೇ ಸುತ್ತಿಗೆಯಿಂದ ಜಜ್ಜಿದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನಾನು ಫೋನು ಮಗುಚಿ ಹಾಕಿದೆ. ದನಿ ಮಾತ್ರ ಕೇಳುತ್ತಿತ್ತು. "ಹೇಳಲೇ, ಯಾರ ಆಕಳಿದು? ಹೆಂಗ ಸತ್ತದ?" ಭಾಯಿ "ತಾನ ಸತ್ತದ್ದರೀ, ಅಲ್ಲಾನ ಆಣಿ, ತಾನ ಸತ್ತದ್ದರೀ" ಎನ್ನುತ್ತಿದ್ದರು. ನಾನು ನೋಟ್‌ಬುಕ್ ಹಿಡಿದು ಕೇಳಿದ ಪ್ರಶ್ನೆಯನ್ನೇ ಅವರು ಸುತ್ತಿಗೆ ಹಿಡಿದು ಕೇಳಿದ್ದರು.

ಆಮೇಲೆ ಫೋನನ್ನು ಮತ್ತೆ ತಿರುಗಿಸಿದೆ. ನೆಲದ ಮೇಲೆ ಮುದುಡಿ ಬಿದ್ದವರ ಪಕ್ಕೆಲುಬಿಗೆ ಒದೆಯುತ್ತಿದ್ದವರ ಕಾಲುಗಳು. ಒಂದು ಕಪ್ಪು ಬೂಟು ಹಿಂದೆ ಹೋಗಿ ಜೋರಾಗಿ ಮುಂದೆ ಬಂತು. ಎಡಗಾಲು. ಕಿರುಬೆರಳ ಹತ್ತಿರ ಕಂದು ಅರ್ಧಚಂದ್ರ.

ವಿಡಿಯೋ ಬರುವ ಮೊದಲೇ ಆಸ್ಪತ್ರೆಯಲ್ಲಿ ಭಾಯಿ ಪೊಲೀಸರಿಗೆ "ನಾ ಯಾರನ್ನೂ ನೋಡಿಲ್ರಿ, ನೆಲಾ ಅಷ್ಟ ಕಂಡದ" ಎಂದು ಬರೆಸಿದರಲ್ಲ. ನೀನು ಔಷಧಿ ತರಲು ಹೋದಾಗ ನನ್ನನ್ನು ಹತ್ತಿರ ಕರೆದರು. ಒಡೆದ ತುಟಿಯಿಂದ ಕೇಳಿದ್ದು ಒಂದೇ ಮಾತು: "ತಂಗಿ, ಹುಡುಗನ ಎಡಗಾಲಿಗೆ ಬೂಟು ಸರಿ ಕೂತದೇನು?" ಜ್ವರದ ಮಾತು ಎಂದುಕೊಂಡು, ಚೆನ್ನಾಗಿ ಕೂತಿದೆ ಎಂದೆ. ಅವರು ಕಣ್ಣು ಮುಚ್ಚಿದರು. ನೆಲದ ಮೇಲೆ ಬಿದ್ದವನಿಗೆ ತನ್ನ ಹೊಲಿಗೆ ಗುರುತು ಸಿಗದೆ ಇರುತ್ತದೆಯೇ?

ಹೆಸರು ಪವಮಾನ, ಜಾಹೇದಾ. ವಯಸ್ಸು ಇಪ್ಪತ್ತು. ನನ್ನ ಮಗ.

ವಿಡಿಯೋ ನೋಡಿದ ಮೇಲೆ ಅವನನ್ನು ಕೂಡಿಸಿಕೊಂಡು ಕೇಳಿದೆ. ಕುಸನೂರಿನ ಜಿಮ್ಮಿನ ಗೆಳೆಯರು ನನ್ನ ಫೋಟೋ ತೋರಿಸಿ, "ನಿಮ್ಮಮ್ಮ ಆಕಳ ತೊಗಲ ಮೆಟ್ಟಿ ವಾಕಿಂಗ್ ಹೋಗ್ತಾಳಂತಲ್ಲೋ, ನೀ ಜನಿವಾರ ಯಾಕ ಹಾಕ್ಕೊಂಡಿ?" ಎಂದರಂತೆ. ಅಮ್ಮನಿಗೆ ಆ ಮನುಷ್ಯ ಮೋಸ ಮಾಡಿದ್ದಾನೆ ಎಂದನಂತೆ ಇವನು. ಹಾಗಾದರೆ ಮನೆ ತೋರಿಸು ಎಂದರಂತೆ. "ಹೆದರಿಸಲಿಕ್ಕೆ ಹೋಗಿದ್ವಿ ಅಮ್ಮಾ. ನಾ ಮನಿ ಅಷ್ಟ ತೋರಿಸೇನಿ." ಒದೆಯಲಿಲ್ಲವೇ ಎಂದೆ. "ಎಲ್ಲಾರೂ ಒದೀಲಿಕತ್ತಿದ್ರು." ಅವರು ಹೊಲಿದ ಬೂಟನ್ನೇ ಯಾಕೆ ಹಾಕಿಕೊಂಡು ಹೋದೆ ಎಂದೆ. ಅವನು ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡ. "ನಂದು ರೆಕ್ಸಿನ್ ಅಂತ ಅವರಿಗೆ ಹೇಳಿದ್ದೆ. ಬ್ಯಾರೆ ಬೂಟು ಕಾಲು ಕಚ್ತಾವ ಅಮ್ಮಾ. ಇವು ಹಿತ ಅನಸ್ತಾವ."

ನಾನು ಅವನ ಕೆನ್ನೆಗೆ ಹೊಡೆದೆ. ಒಮ್ಮೆಯಲ್ಲ. ಕೈ ಸೋಲುವವರೆಗೆ ಹೊಡೆದೆ. ಅವನು ಕೈ ಅಡ್ಡ ತರಲಿಲ್ಲ. ನಿಲ್ಲಿಸಿದಾಗ ನನ್ನ ಬಳೆ ಒಡೆದು ಅವನ ಕಿವಿಯ ಹತ್ತಿರ ರಕ್ತ ಬರುತ್ತಿತ್ತು. ಹೊಡೆಯುವಾಗ ಒಂದು ಕ್ಷಣ ಹಾಯೆನಿಸಿತು. ಆ ಹಾಯನ್ನು ನೆನೆದರೆ ಅವನು ಯಾರ ಮಗ ಎಂಬುದರಲ್ಲಿ ನನಗೆ ಸಂಶಯ ಉಳಿಯುವುದಿಲ್ಲ.

ಪವಮಾನನ ಅಪ್ಪ ವೆಂಕಟೇಶ, ಮನೆಯ ಬಾಗಿಲು ಹಾಕಿ ಹೇಳಿದರು. "ಆ ಮನುಷ್ಯಾನ ಯಾರನ್ನೂ ನೋಡಿಲ್ಲ ಅಂತ ಬರೆಸ್ಯಾನ. ನಿನಗೇನು ಹರಕತ್ತು? ಹೆತ್ತಾಕಿ ನೀ." ಅವರು ಕೆಟ್ಟವರಲ್ಲ. ಎಂಟು ದಿನ ನಾನೂ ಅದೇ ಮಾತನ್ನು ನನಗೆ ಹೇಳಿಕೊಂಡೆ. ಭಾಯಿ ಸುಮ್ಮನಿರುವುದು ಕ್ಷಮೆಯೋ, ಇದಾದ ಮೇಲೆ ದೇವಿಂದ್ರಪ್ಪ ಊರು ಬಿಟ್ಟ ಹಾಗೆ ಬರೀ ಹೆದರಿಕೆಯೋ ಎಂದು ಯೋಚಿಸಿದೆ. ಎರಡರಲ್ಲಿ ಯಾವುದೇ ಆಗಿದ್ದರೂ ಅದನ್ನು ನನ್ನ ಮಗನಿಗಾಗಿ ಖರ್ಚು ಮಾಡುವ ಹಕ್ಕು ನನಗಿಲ್ಲ.

ನಾಳೆ ಹತ್ತು ಗಂಟೆಗೆ ಕಮಲಾಪುರದ ಠಾಣೆಗೆ ಬರುತ್ತೇನೆ. ಚೀಲದಲ್ಲಿ ಆ ಬೂಟು ಇರುತ್ತದೆ. ಪವಮಾನ ಬರುತ್ತೇನೆ ಎಂದಿದ್ದಾನೆ. ಬಾರದಿದ್ದರೂ ನಾನು ಬಂದು ಹೆಸರು ಬರೆಸುತ್ತೇನೆ. ನನ್ನ ಜೊತೆ ಮಾತಾಡಬೇಡ. ನೋಡಿದರೆ ಸಾಕು.

ನಿನ್ನ ಗೆಳತಿ ಎಂದು ಬರೆಯುವ ಹಕ್ಕು ಉಳಿದಿಲ್ಲ, ಆದ್ದರಿಂದ ಬರೀ
ಮೃದುಲಾ

ಮತ್ತೆ: ಮೆಟ್ಟಿಲ ಮೇಲೆ ನೀನು ಕೇಳಿದಾಗ ನನಗೆ ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಸುಳ್ಳು. ಮಂಗಳವಾರ ಸಂಜೆ ಅವನ ಬೂಟುಗಳನ್ನು ತೊಳೆದವಳು ನಾನೇ. ನೀರು ಕೆಂಪಗೆ ಹೋಯಿತು. ಹೊಲಿಗೆಯಲ್ಲಿ ಕೂತದ್ದನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿದೆ, ಏನೆಂದು ಅವನನ್ನು ಕೇಳಲಿಲ್ಲ. ಮರುದಿನ ನಿನ್ನ ಫೋನು ಬಂದಾಗ ಬೂಟು ಇನ್ನೂ ಹಸಿಯಿತ್ತು, ಆಗಲೇ ನನಗೆ ತಿಳಿಯಿತು. ಈಗ ಆ ಬೂಟಿನಲ್ಲಿ ರಕ್ತವಿಲ್ಲ, ಯಾರದ್ದೋ ಬೂಟು ಎಂದುಬಿಡಬಹುದು. ಬೆಂಕಿ ಒಳಗಿನ ಗೋಡೆಗೆ ತಾಕಿಲ್ಲ ಎಂದಿದ್ದೆಯಲ್ಲ. ತಂತಿಯಲ್ಲಿ ಅವನ ಎಡಪಾದದ ಕಾಗದ ಇದೆ, ಅದರ ಮೇಲೆ ಅವನ ಹೆಸರು ನನ್ನ ಅಕ್ಷರದಲ್ಲಿದೆ. ಇವತ್ತೇ ತೆಗೆದು ನಿನ್ನ ಹತ್ತಿರ ಇಟ್ಟುಕೋ. ನಾಳೆ ಹತ್ತಕ್ಕೆ ನಾನು ಬಾರದಿದ್ದರೆ ನೀನೇ ಠಾಣೆಗೆ ಒಯ್ಯಿ. ಅದಕ್ಕೂ ಮೊದಲು ನಾನು ನಿನ್ನ ಬಾಗಿಲಿಗೆ ಬಂದು, ಕಾಲಿಗೆ ಬಿದ್ದು ಅದನ್ನು ಕೇಳಿದರೂ ಕೊಡಬೇಡ.