ದೋಸೆ ದುಡ್ಡಿಗೆ ಕೈ ಹಾಕಿದ್ದಕ್ಕೆ

ಏನ್ರೀ,

ನಾನೂ ಅತ್ತೇನೂ ಚಳ್ಳಕೆರೆಗೆ ಹೋಗ್ತಿದ್ದೀವಿ. ಮಸಾಲೆ ದೋಸೆ ತಿಂದು, ಸಿನಿಮಾ ನೋಡ್ಕಂಡು ಸಾಯಂಕಾಲ ಬರ್ತೀವಿ.

ಇದಕ್ಕೇ ಅಂತ ಆರು ತಿಂಗಳಿಂದ ರೇಷ್ಮೆ ಸುತ್ತಿದ ಕೂಲೀಲಿ ವಾರವಾರ ಒಂದಿಷ್ಟು ಬಿಸ್ಕೀಟ್ ಡಬ್ಬೀಲಿ ಹಾಕ್ತಿದ್ದೆ. ಮನೆ ಖರ್ಚಿಗೂ ಅದನ್ನ ಮುಟ್ಟಿರಲಿಲ್ಲ. ನೀವು ಒಂದು ಮಾತೂ ಕೇಳದೆ ತಗಂಡು ನಾಲ್ಕು ಜನ ಸ್ನೇಹಿತರಿಗೆ ಡಾಬಾದಾಗೆ ಊಟ ಹಾಕಿಸಿದ್ರಿ. ಕೇಳಿದ್ರೆ, "ಹೆಂಗಸರಿಗೆ ಯಾಕೆ ಹೋಟ್ಲು" ಅಂದ್ರಿ.

ಹೊಸ ಮೊಬೈಲಿಗೆ ಅಂತ ನೀವು ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದ ದುಡ್ಡು ಈಗ ನನ್ನ ಬ್ಯಾಗಲ್ಲೈತೆ. ಜಾಗ ತೋರಿಸಿದ್ದು ನಿಮ್ಮವ್ವನೇ.

ಹಾಲಿಗೆ ಬೆಕ್ಕು ಬಾಯಿ ಹಾಕ್ತೈತೆ, ಮುಚ್ಚಿಡ್ರಿ. ಅಡುಗೆ ಮಾಡಿಲ್ಲ. ಆ ನಾಲ್ಕೂ ಜನ ಸ್ನೇಹಿತರನ್ನ ನಾನೇ ಫೋನ್ ಮಾಡಿ ಮಧ್ಯಾಹ್ನ ಊಟಕ್ಕೆ ಕರೆದಿದ್ದೀನಿ. ಕೋಳಿ ಸಾರು ಅಂತ ಹೇಳಿದ್ದೀನಿ. ನೀವೇ ಮಾಡಿ ಬಡಿಸ್ರಿ. ಫೋನ್ ಮಾಡಬೇಡ್ರಿ, ಎತ್ತಲ್ಲ.

ಅತ್ತೆಗೆ ನನ್ನ ಧಾರೆ ಸೀರೆ ಉಡಿಸಿದ್ದೀನಿ. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದೋರು, ತಮ್ಮ ಮದುವೇಲೂ ನೂಲಿನ ಸೀರೇನೇ ಉಟ್ಟಿದ್ರಂತೆ. ಹತ್ತು ಗಂಟೆ ಬಸ್ಸು ಆಗಲೇ ಹೋಯ್ತು, ಅವರಿನ್ನೂ ಕನ್ನಡಿ ಮುಂದೇನೇ ನಿಂತಿದಾರೆ. ನಾನೂ ಅವಸರ ಮಾಡ್ತಿಲ್ಲ.

ಕಾಂಚನಾ