ಯಾರ ಆಳಾದರೂ

ಕಾಣಕೋಣ, ಗೋವಾ
ರವಿವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಅತ್ತೀ,

ಸಂಜೆ ಏಳು ಗಂಟೆಯಾಗಿದೆ. ಬೆಳಿಗ್ಗೆ ಸೇತುವೆ ಆಫೀಸಿನಲ್ಲಿ ಸಭೆ ಇತ್ತು, ಮಧ್ಯಾಹ್ನ ಶೆಡ್ಡಿನ ತಗಡಿನ ತೂತು ಮುಚ್ಚಿದೆವು, ಈಗ ಎಲ್ಲರ ಊಟ ಮುಗಿದಿದೆ. ನಿಮ್ಮ ಮೊಣಕಾಲಿನ ಬಾವು ಇಳಿಯಿತೇ? ಕಣ್ಣಿನ ಆಪರೇಶನ್ ಆದವರು ಒಲೆಯ ಮುಂದೆ ಕೂಡಬಾರದೆಂದು ಡಾಕ್ಟರು ಹೇಳಿದ್ದಾರೆ. ನೀವು ಕೂಡುತ್ತೀರಿ, ನನಗೆ ಗೊತ್ತು. ಈ ಕಾಗದ ಓದಿ ಹೇಳುವ ಪಕ್ಕದ ಮನೆಯ ಮುನ್ನಿಯೇ ನಾಲ್ಕು ರೊಟ್ಟಿ ಬಡಿದುಕೊಟ್ಟರೆ ಅವಳ ಕೈಯೇನೂ ಸವೆಯುವುದಿಲ್ಲ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ಕೇಳಿಸಿದರೂ ನಿಮ್ಮ ಹಿರಿಮಗನ ಮಾತು ಬಂದ ಕೂಡಲೇ ಇಬ್ಬರೂ ಅಳುತ್ತೇವೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಸಿಕ್ಕಿತು ಅತ್ತೀ. ಇಲ್ಲಿಯ ಹೊಳೆಗೆ ಸರಕಾರದವರು ಕಟ್ಟಿಸುವ ಹೊಸ ಸೇತುವೆ. ಅದರ ಎರಡು ಕಂಬಗಳಿಗೆ ಕಬ್ಬಿಣದ ಸರಳು ಕಟ್ಟುವ ಕೆಲಸ ನಮ್ಮ ಗುಂಪಿನದು. ನಿಮ್ಮ ಹಿರಿಮಗ ತೀರಿಹೋದ ಮೇಲೆ ಅವರ ಗುಂಪನ್ನು ನಾನು ಹಿಡಿದಾಗ, ಹೆಂಗಸು ಮೇಸ್ತ್ರಿ ಎಂದು ಕೇಳಿ ತಿರುಗಿ ನೋಡದೆ ಹೋದವರೇ ಹೆಚ್ಚು. ಇಲ್ಲಿ ಯಾರೂ ಅದನ್ನು ಕೇಳಲಿಲ್ಲ. ಕೇಳಿದ್ದು ಬೇರೆ. ಕೆಲಸ ಶುರುವಾಗುವ ಮೊದಲೇ ದೊಡ್ಡ ಕಂಪನಿಯವರೂ ಕಾರ್ಮಿಕರ ಯೂನಿಯನ್ನಿನವರೂ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಯೂನಿಯನ್ನಿಗೆ ಸೇರಿರಲಿ ಬಿಡಲಿ, ಯಾವ ಕಂತ್ರಾಟದಾರನಾದರೂ ಕೆಲಸ ಹಿಡಿಯಬಹುದು; ಆದರೆ ಎಷ್ಟೇ ಸಣ್ಣವನಾದರೂ ಆ ಒಪ್ಪಂದಕ್ಕೆ ಸಹಿ ಹಾಕಬೇಕು. ಎಲ್ಲರಿಗೂ ಒಂದೇ ಪಗಾರ, ಒಂದೇ ಕೆಲಸದ ಹೊತ್ತು, ಎತ್ತರದಲ್ಲಿ ಕಟ್ಟಿಕೊಳ್ಳುವ ಬೆಲ್ಟು, ವಿಮೆ. ತಕರಾರು ಬಂದರೆ ಕೂತು ಬಗೆಹರಿಸಬೇಕು, ಕೆಲಸ ನಿಲ್ಲಿಸುವಂತಿಲ್ಲ. ಇಲ್ಲಿಯವರೆಗೆ ಚಲೋ. ಆದರೆ ನಮ್ಮ ಸ್ವಂತ ಜನರೆಂದು ಐದೇ ಮಂದಿಯನ್ನು ತರಬಹುದು, ಉಳಿದವರನ್ನು ಯೂನಿಯನ್ನಿನ ಸರದಿ ಪಟ್ಟಿಯಿಂದ ತೆಗೆದುಕೊಳ್ಳಬೇಕು; ನಮ್ಮಲ್ಲಿ ಮಿಕ್ಕವರೂ ಆ ಪಟ್ಟಿ ಸೇರಿ ಅವರು ಕಳಿಸಿದ ಕಡೆ ಹೋಗಬೇಕು. ನಮ್ಮ ಹಿರಿಯ ಕೆಲಸಗಾರ ನಾನಪ್ಪನಿಗೆ ಇದು ನುಂಗಲಾರದ ತುತ್ತಾಯಿತು. “ಮಲಕಪ್ಪ ಮೇಸ್ತ್ರಿ ಗುಂಪು ಅಂದ್ರ ಒಂದು ಗಡಿಗಿ ಇದ್ದಂಗ. ಗಡಿಗಿ ಒಡದು ಚೂರು ಹಂಚ್ರಿ ಅಂದ್ರ ಹೆಂಗ?” ಎಂದು ನಿಮ್ಮ ಹಿರಿಮಗನ ಹೆಸರು ಹಿಡಿದೇ ಮೂರು ದಿನ ಗೊಣಗಿದ. ನನಗೂ ಅದೇ ಹೆದರಿಕೆ ಇತ್ತು. ಸರದಿ ಬಾರದವನು ಮತ್ತೆ ಬೆಲ್ಟು, ವಿಮೆ ಕೊಡದ ಹಳೆಯ ಥರದ ಕಂತ್ರಾಟದಾರರ ಬಾಗಿಲಿಗೇ ಹೋಗಬೇಕು. ನಿಮ್ಮ ಕಿರಿಮಗ ಕೇಶಪ್ಪ ಅಂಥ ಬಾಗಿಲಿಗೆ ಹೋಗಬಾರದು, ಅಷ್ಟೇ ನನಗೆ ಬೇಕಿದ್ದದ್ದು.

ಇವತ್ತು ಸಭೆಯಲ್ಲಿ ನಾನೇ ಕೆಲಸ ಕೆಡಿಸಿದೆ. ಯೂನಿಯನ್ನಿನ ವಸಂತ ಎಂಬವರು ಧಾರವಾಡದ ಕಡೆಯವರು, ನಮ್ಮ ಮಾತೇ ಆಡುತ್ತಾರೆ. ನಿಮ್ಮ ಐದು ಮಂದಿಯ ಹೆಸರು ಹೇಳಿ ಎಂದರು. ನಾನು ಊರಿನಿಂದ ಹೊರಡುವಾಗ ಹೇಳುವ ಕ್ರಮದಲ್ಲೇ ಹೇಳುತ್ತ ಹೋದೆ. ನಮ್ಮ ಗುಂಪಿನ ಪದ್ಧತಿ ನಿಮಗೆ ಗೊತ್ತಲ್ಲ, ಮೊದಲು ಒಲೆ ಹೊರುವವಳ ಹೆಸರು, ಆಮೇಲೆ ಪರರ ಮನೆಯವರು, ಮೇಸ್ತ್ರಿಯ ಮನೆಯವರು ಎಲ್ಲರಿಗಿಂತ ಕಡೆಗೆ. ಅಡಿಗೆಯ ಮೋತಿಬಾಯಿ ಎಂದೆ. ನಾನಪ್ಪ ಎಂದೆ, ಗೂಡುಸಾಬ ಎಂದೆ, ಅವನ ತಮ್ಮಂದಿರಿಬ್ಬರನ್ನೂ ಹೇಳಿದೆ. ಕೇಶಪ್ಪನ ಹೆಸರು ಬಾಯಿಗೆ ಬರುವಷ್ಟರಲ್ಲಿ ಸಾಕು ಅಕ್ಕಾ, ಐದಾಯಿತು ಎಂದರು. ಹಿಂದಿದ್ದ ಯಾರೋ, “ಬ್ರಿಜ್ ಕಟ್ಟಾಕ ಬಂದೀರೋ, ಮದುವಿ ಊಟಕ್ಕ ಬಂದೀರೋ?” ಎಂದ. ಎಲ್ಲರೂ ನಕ್ಕರು. ಮೋತಿಬಾಯಿಯ ಹೆಸರು ತೆಗೆಯಿರಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು, ತನ್ನ ಹೆಸರು ಮೊದಲು ಬಂತೆಂದು ರೊಟ್ಟಿ ಬಿಟ್ಟು ಬಂದ ಹಿಟ್ಟಿನ ಕೈಯಲ್ಲೇ ಸೆರಗು ಸರಿಮಾಡಿಕೊಂಡು ಕೂತಿದ್ದಳು. ಹೇಗೆ ತೆಗೆಯಲಿ? ಕೇಶಪ್ಪ ನೆಲ ನೋಡುತ್ತ ನಿಂತಿದ್ದ.

ಯೂನಿಯನ್ನಿನ ಸರದಿಗೆ ಅವನ ಹೆಸರು ಅಲ್ಲೇ ಬರೆದುಕೊಂಡರು. ಸರಳು ಕಟ್ಟುವವರು ಕಡಿಮೆ ಇದ್ದದ್ದರಿಂದ ಕೂಡಲೇ ಜಾಗವೂ ಸಿಕ್ಕಿತು. ಆದರೆ ನಮ್ಮಲ್ಲಿ ಅಲ್ಲ, ಪಕ್ಕದ ಕಂಬದ ಕಂತ್ರಾಟದಾರನ ಹತ್ತಿರ. ಆತ ಮ್ಹಾಪಸಾ ಕಡೆಯವನು, ಮುಖ ಪರಿಚಯವೂ ಇಲ್ಲ. ನನಗೆ ಹೋದ ವರ್ಷದ ಮಧ್ಯಾಹ್ನ ನೆನಪಾಯಿತು. ಕುಂಡಯಿ ಕಡೆಯ ಆ ಗೋದಾಮಿನಲ್ಲಿ ನಿಮ್ಮ ಹಿರಿಮಗ ಮೇಲಿನಿಂದ ಬಿದ್ದಾಗ ಕಂತ್ರಾಟದಾರರಿಬ್ಬರು ಹತ್ತಿರವೇ ನಿಂತಿದ್ದರು. ಒಬ್ಬ, ಇವನು ಅವನ ಆಳು ಎಂದ. ಇನ್ನೊಬ್ಬ, ಇವನು ಯಾರ ಆಳೂ ಅಲ್ಲ, ಮೇಸ್ತ್ರಿ ಎಂದ. ಆಸ್ಪತ್ರೆಯ ಗಾಡಿ ಬರುವತನಕ ಅದೇ ಮಾತು ನಡೆದಿತ್ತು. ಹೀಗಾಗಿ ಸಭೆಯಲ್ಲಿ ನಾನು ಎದ್ದು ನಿಂತೆ. ನನಗೆ ಹತ್ತು ಜನರ ನಡುವೆ ಮಾತಾಡಿ ರೂಢಿಯಿಲ್ಲ.

“ಸಾಹೇಬ್ರ, ಇಂವ ನನ್ನ ಮೈದುನ. ಈಗ ನನ್ನ ಆಳಲ್ಲ. ನಾಳಿ ಏನರ ಆದ್ರ, ಇಂವ ನನ್ನಂವ ಅಂತ ಯಾರು ಅಂತಾರ್ರಿ?”

ವಸಂತ ಪೆನ್ನು ಕೆಳಗಿಟ್ಟರು.

“ಎಲ್ಲಾರೂ ಅನ್ನಬೇಕು ಅಕ್ಕಾ. ಈ ಬ್ರಿಜ್ ಮ್ಯಾಲೆ ಕಾಲಿಟ್ಟಂವ ಯಾರ ಆಳಾದ್ರೂ, ಕಂಪನಿ ಹೌದನ್ನಬೇಕು, ಆ ಕಂತ್ರಾಟದಾರ ಹೌದನ್ನಬೇಕು, ನಾನೂ ಹೌದನ್ನಬೇಕು. ಅದಕ್ಕಂತನ ಎಲ್ಲಾರ ಸಹಿ ಮೊದಲ ತಗೊಂಡೇವಿ.”

ಆ ಮ್ಹಾಪಸಾದವನಿಗೆ ಕನ್ನಡ ಬಾರದು. ವಸಂತ ಕೊಂಕಣಿಯಲ್ಲಿ ಹೇಳಿದ ಮೇಲೆ ಆತ ನನ್ನ ಕಡೆ ನೋಡಿ ತಲೆಯಾಡಿಸಿದ. ಆಮೇಲೆ ಎದ್ದುಬಂದು ಕೇಶಪ್ಪನ ಹೆಸರು ಕೇಳಿಕೊಂಡ. ಕಂಪನಿಯ ಎಂಜಿನಿಯರೂ ಹೌದು ಎಂದರು, ಬಾಯಿಬಿಟ್ಟು ಅಂದರು. ಆ ಒಂದು ಮಾತು ಹೋದ ವರ್ಷ ಯಾರ ಬಾಯಿಂದಲೂ ಬರಲಿಲ್ಲ.

ಶೆಡ್ಡಿಗೆ ಬಂದ ಮೇಲೆ ನನಗೆ ಹಸಿವಾಯಿತು. ಬಹಳ ದಿನಗಳ ನಂತರ ಎರಡನೇ ರೊಟ್ಟಿ ಕೇಳಿದೆ. ಮೋತಿಬಾಯಿ ಹಾಕಿದಳು, ಮೇಲೆ ಶೇಂಗಾ ಚಟ್ನಿ ಸುರಿದಳು. ಇನ್ನು ಅವಳಿಗೂ ನಾನಪ್ಪನಷ್ಟೇ ಪಗಾರವಂತೆ. ಅದನ್ನು ಕೇಳಿ ನಾನಪ್ಪ, “ಹಂಗಾರ ನಾಳಿಂದ ಮೋತಿಬಾಯಿನೂ ಸರಳು ಕಟ್ಟಲಿ, ನಾ ರೊಟ್ಟಿ ಬಡೀತೇನಿ” ಎಂದ. ನಿನ್ನ ರೊಟ್ಟಿ ನಾಯಿನೂ ಮೂಸೋದಿಲ್ಲ ಎಂದಳು. ಕೇಶಪ್ಪ ಬೇರೆಯವರ ಕಂಬಕ್ಕೆ ಹೋದರೂ ಊಟ ನಮ್ಮ ಒಲೆಯದೇ. ಗಡಿಗೆ ಒಡೆದಿಲ್ಲ ಅತ್ತೀ.

ಮೊಣಕಾಲಿಗೆ ಬಿಸಿನೀರು ಹಾಕುವುದನ್ನು ಬಿಡಬೇಡಿ. ಓಣಿಯವರಿಗೆಲ್ಲ ನಾವು ಕೇಳಿದೆವೆಂದು ಹೇಳಿ. ನಿಮ್ಮ ಹಿರಿಮಗನ ಫೋಟೋದ ಮುಂದಿನ ದೀಪಕ್ಕೆ ನನ್ನ ಪಾಲಿನ ಎಣ್ಣೆಯನ್ನೂ ನೀವೇ ಹಾಕಿ. ನಿಮ್ಮ ಕೈ ನಮ್ಮ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ಹುಲಿಗೆಮ್ಮ

ತಾ.ಕ.: ಮುನ್ನೀ, ಇದನ್ನು ಓದುವ ಮೊದಲು ಅವ್ವನನ್ನು ಕೂಡಿಸು. ಅತ್ತೀ, ಅಣ್ಣ ಹೋದ ದಿನ ಎತ್ತರಕ್ಕೆ ಹತ್ತಬೇಡವೆಂದು ನೀವು ಕೇಶಪ್ಪನಿಂದ ಆಣೆ ಮಾಡಿಸಿಕೊಂಡಿರಿ. ಇಷ್ಟು ದಿನ ಅವನು ನೆಲದ ಮೇಲೇ ಸರಳು ಕತ್ತರಿಸಿದ. ಇವತ್ತು ಸಭೆಯಲ್ಲಿ ಯಾವ ಕೆಲಸ ಬರುತ್ತದೆ ಎಂದು ವಸಂತ ಕೇಳಿದಾಗ ಮೇಲಿನ ಕೆಲಸ ಎಂದ. ನಾನು ಬೇಡ ಎನ್ನಲಿಲ್ಲ. ನಿಮಗೆ ತಿಳಿಸಬೇಡ ಎಂದು ಕೈ ಮುಗಿದ, ಅದನ್ನು ಮಾತ್ರ ನಾನು ಕೇಳಲಿಲ್ಲ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ, ಆಣೆಯನ್ನು ಸಡಿಲಿಸಿ. ಅವನ ಬೆಲ್ಟನ್ನು ಗೇರುಮರದ ಕೊಂಬೆಗೆ ಸಿಕ್ಕಿಸಿ ನಾನೇ ಜೋತು ನೋಡಿದ್ದೇನೆ. ಹಿಡಿಯಿತು. ನಾಳೆ ಬೆಳಿಗ್ಗೆ ಎಂಟಕ್ಕೆ ಕೇಶಪ್ಪ ಕಂಬ ಹತ್ತುತ್ತಾನೆ.